ಪುಟ 83: ಗ್ರೂಪಿನ ಮಾತು ಪುಸ್ತಕವಾದ ಒಂದು ಪ್ರಕರಣ

ಇದು ಕಲಿಕೆಗೆಂದು ಹೆಣೆದ ಪ್ರಕರಣ. ಇದರಲ್ಲಿ ಬರುವ ಜನ, ಗ್ರೂಪು, ಪುಸ್ತಕ, ಅದರ ಲೆಕ್ಕ ಎಲ್ಲವೂ ಮಾದರಿಗಾಗಿ ಕಟ್ಟಿದ್ದು. ಕಾನೂನು, ಮುದ್ರಣ, ಇನ್ಸುಲಿನ್ನಿನ ಸಂಗತಿಗಳು ಮಾತ್ರ ಇದ್ದದ್ದು ಇದ್ದಂತೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ 212 ತಾಯಂದಿರ ವಾಟ್ಸ್ಆ್ಯಪ್ ಗ್ರೂಪು. ಎಲ್ಲರ ಮನೆಯಲ್ಲೂ ಟೈಪ್ 1 ಮಧುಮೇಹದ ಒಂದು ಮಗು. ಗ್ರೂಪು ನಡೆಸುವವರು ಧಾರವಾಡದ ನಿವೃತ್ತ ಶಿಕ್ಷಕಿ. ಎಲ್ಲರ ಬಾಯಲ್ಲೂ ‘ಅಕ್ಕೋರು’. ನಾಲ್ಕು ವರ್ಷ ಅಲ್ಲಿ ನಡೆದ ಮಾತು ಸಣ್ಣದಲ್ಲ. ಜೋಳದ ರೊಟ್ಟಿಗೆ ಎಷ್ಟು ಯುನಿಟ್ ಇನ್ಸುಲಿನ್, ಜಾತ್ರೆಗೆ ಹೋದಾಗ ಇನ್ಸುಲಿನ್ ತಂಪಾಗಿಡುವುದು ಹೇಗೆ, ಶಾಲೆಯಲ್ಲಿ ಚುಚ್ಚಿಕೊಳ್ಳಲು ಜಾಗ ಕೊಡದಿದ್ದರೆ ಯಾರಿಗೆ ಹೇಳಬೇಕು, ಅತ್ತೆ ‘ನಿಮ್ಮ ತವರಿನ ಕಡೆಯಿಂದ ಬಂದ ರೋಗ’ ಅಂದಾಗ ಏನು ಉತ್ತರ ಕೊಡಬೇಕು. ಇಷ್ಟೆಲ್ಲ ಮೊಬೈಲಿನಲ್ಲೇ ಕಳೆದುಹೋಗಬಾರದು ಅನ್ನಿಸಿ ಅಕ್ಕೋರು ಪುಸ್ತಕಕ್ಕೆ ಕೈ ಹಾಕಿದರು. ಉದ್ದೇಶದಲ್ಲಿ ಕೊಂಕಿಲ್ಲ. ತಮ್ಮ ಪಿಂಚಣಿಯ ದುಡ್ಡು ಹಾಕಿ, ಎಂಟು ತಿಂಗಳು ಕೂತು ಆರಿಸಿ ಜೋಡಿಸಿದರು. ಕೆಟ್ಟ ಉದ್ದೇಶದ ಪ್ರಕರಣಗಳಿಂದ ಕಲಿಯುವುದು ಕಡಿಮೆ; ಇಂಥದ್ದರಿಂದಲೇ ಜಾಸ್ತಿ.

ಕೇಳಿದ್ದು ಹೇಗೆ

ಗ್ರೂಪಿನಲ್ಲಿ ಒಂದೇ ಒಂದು ಸಂದೇಶ: ‘ನಮ್ಮ ಮಾತುಕತಿ ಪುಸ್ತಕ ಮಾಡೋಣ ಅಂತ ವಿಚಾರ ಐತಿ. ಹೆಸರು ಹಾಕಂಗಿಲ್ಲ. ಯಾರದರ ತಕರಾರ ಇದ್ರ ರವಿವಾರದೊಳಗ ಹೇಳ್ರಿ.’ 61 ಹೆಬ್ಬೆರಳು (👍) ಬಂದವು. ‘ಹಾಕ್ರಿ ಅಕ್ಕೋರ, ಛಲೋ ಕೆಲಸ’ ಎಂದು ಹತ್ತಾರು ಜನ ಬರೆದರು. ತಕರಾರು ಬರಲಿಲ್ಲ.

ಈ ಸಂದೇಶದಲ್ಲಿ ಇಲ್ಲದ್ದನ್ನು ನೋಡಬೇಕು. ಯಾರ ಯಾವ ಮಾತು ಹಾಕುತ್ತಾರೆ? ಎಷ್ಟು ಪ್ರತಿ? ಅಂಗಡಿಯಲ್ಲಿ ಮಾರುತ್ತಾರೋ, ಹಂಚುತ್ತಾರೋ? ದುಡ್ಡು ಬಂದರೆ ಯಾರಿಗೆ? ಯಾವುದಕ್ಕೂ ಉತ್ತರವಿಲ್ಲ. ಹೆಬ್ಬೆರಳು ಒತ್ತಿದವರು ‘ಪುಸ್ತಕ’ ಎಂಬ ವಿಚಾರಕ್ಕೆ ಒತ್ತಿದರು, ತಮ್ಮ ಮಾತಿಗಲ್ಲ. ಇನ್ನುಳಿದ 151 ಜನರಲ್ಲಿ ಎಷ್ಟೋ ಮಂದಿ ಗ್ರೂಪನ್ನು ಮ್ಯೂಟ್ ಮಾಡಿ ಇಟ್ಟವರು. ಕೊನೆಗೆ ಪುಸ್ತಕದಲ್ಲಿ ಮಾತು ಸೇರಿದ್ದು 62 ಜನರದ್ದು. ಅವರಲ್ಲಿ ಹೆಬ್ಬೆರಳು ಒತ್ತಿದವರು 24 ಮಾತ್ರ.

ಪುಟ 83

ಪುಸ್ತಕ ಡೆಮಿ 1/8 (ಸಾಮಾನ್ಯ ಪುಸ್ತಕದ) ಆಕಾರ, 176 ಪುಟ, ಅಂದರೆ ಒಂದು ದೊಡ್ಡ ಹಾಳೆಗೆ 16 ಪುಟದಂತೆ 11 ಫಾರ್ಮು. 1000 ಪ್ರತಿ, ಬೆಲೆ ₹200. ಅಚ್ಚಾದದ್ದು ಗದಗಿನಲ್ಲಿ. ಬಿಡುಗಡೆಯಾಗಿ ಐದನೇ ವಾರಕ್ಕೆ ಗ್ರೂಪಿನ ಒಬ್ಬ ತಾಯಿ ಅಕ್ಕೋರಿಗೆ ಫೋನು ಮಾಡಿದರು. ಪುಟ 83ರಲ್ಲಿದ್ದದ್ದು ಅವರ ಮಾತು.

ಅಲ್ಲಿ ಹೆಸರಿರಲಿಲ್ಲ. ‘ಒಬ್ಬ ತಾಯಿ’ ಎಂದಿತ್ತು. ಆದರೆ ಮಾತಿನ ಒಳಗೆ ರೋಣ ತಾಲೂಕು ಇತ್ತು, ಗಂಡ ಸಾರಿಗೆ ಸಂಸ್ಥೆಯಲ್ಲಿ ಡ್ರೈವರ್ ಎಂದಿತ್ತು, ಇಬ್ಬರು ಹೆಣ್ಣುಮಕ್ಕಳಲ್ಲಿ ಹಿರಿಯವಳಿಗೆ 11ನೇ ವರ್ಷಕ್ಕೆ ಸಕ್ಕರೆ ಬಂತು, ಈಗ ಡಿಪ್ಲೊಮಾ ಓದುತ್ತಾಳೆ ಎಂದಿತ್ತು. ಕಡೆಗೆ ಈ ಸಾಲು: ‘ವರನ ಕಡಿಯವ್ರು ಬಂದಾಗ ಹೇಳಬೇಕೋ ಬ್ಯಾಡೋ ತಿಳಿವಲ್ದು.’

ತಾಲೂಕು, ನೌಕರಿ, ಇಬ್ಬರು ಹೆಣ್ಣುಮಕ್ಕಳು, ಡಿಪ್ಲೊಮಾ. ಒಂದೊಂದೂ ಸಾವಿರಾರು ಜನಕ್ಕೆ ಹೊಂದುತ್ತದೆ. ನಾಲ್ಕೂ ಕೂಡಿದರೆ ಒಂದೇ ಮನೆ. ಓಣಿಯ ಯಾರಿಗಾದರೂ ಓದಿದ ಕೂಡಲೇ ಗೊತ್ತಾಗುವಂಥದ್ದು, ಗೊತ್ತೂ ಆಯಿತು. ಹೆಣ್ಣು ನೋಡಿ ಹೋದ ಮನೆಯವರಿಗೆ ಯಾರೋ ಆ ಪುಟದ ಫೋಟೊ ಕಳಿಸಿದರು. ತಾಯಿ ಅಂದ ಮಾತು ಇಷ್ಟು: ‘ನಾ ಬರದದ್ದು ನಮ್ಮಂಥ ತಾಯಂದ್ರಿಗೆ ರೀ ಅಕ್ಕೋರ, ಊರಿಗಲ್ಲ.’

ಹೆಸರು ತೆಗೆದರೆ ಗುಟ್ಟು ಉಳಿಯಿತು ಎಂಬುದು ಸಂಪಾದಕರೆಲ್ಲ ಬೀಳುವ ಹಳ್ಳ. ಗುರುತು ಹತ್ತಿಸುವುದು ಹೆಸರಲ್ಲ, ಜೋಡಣೆ. ಪರೀಕ್ಷೆ ಸುಲಭ: ಬರೆದವರನ್ನೇ ‘ನಿಮ್ಮ ಊರಲ್ಲಿ ಇದನ್ನ ಓದಿ ನೀವಂತ ಹಿಡಿಯುವವರು ಎಷ್ಟು ಮಂದಿ ಇದ್ದಾರೆ’ ಎಂದು ಕೇಳುವುದು. ಒಬ್ಬರು ಅಂದರೂ ಒಂದೆರಡು ಗುರುತನ್ನು ಮಸುಕು ಮಾಡಬೇಕು. ತಾಲೂಕಿನ ಬದಲು ‘ಬಯಲುಸೀಮೆಯ ಹಳ್ಳಿ’, ಡ್ರೈವರ್ ಬದಲು ‘ನೌಕರಿ’, ಡಿಪ್ಲೊಮಾ ಬದಲು ‘ಕಾಲೇಜು’, 11ರ ಬದಲು ‘ಸಣ್ಣಾಕಿ ಇದ್ದಾಗ’. ಆದರೆ ಸುಳ್ಳು ಗುರುತು ಹಾಕಬಾರದು. ರೋಣದ ಬದಲು ಸವಣೂರು ಎಂದು ಬರೆದರೆ ಸವಣೂರಿನ ಇನ್ನೊಂದು ಮನೆಯ ಮೇಲೆ ಕಣ್ಣು ಬೀಳುತ್ತದೆ.

ಮಾತಿನ ಧಾಟಿಯೂ ಒಂದು ಗುರುತು. ಕೆಲವರ ಬರಹವನ್ನು ಎರಡು ಸಾಲಿನಲ್ಲೇ ಹಿಡಿಯಬಹುದು. ಅದನ್ನು ಗ್ರಾಂಥಿಕಕ್ಕೆ ತಿರುಗಿಸಿದರೆ ಗುರುತು ಹೋಗುತ್ತದೆ, ಜೀವವೂ ಹೋಗುತ್ತದೆ. ಇದಕ್ಕೆ ಒಳ್ಳೆಯ ಪರಿಹಾರವಿಲ್ಲ, ಬರೆದವರೇ ತೀರ್ಮಾನಿಸಬೇಕು.

ಇನ್ನೊಬ್ಬರ ತಕರಾರು ಇದಕ್ಕೆ ತದ್ವಿರುದ್ಧ

ಹಾವೇರಿ ಕಡೆಯ ಒಬ್ಬ ತಾಯಿ ಎರಡು ವರ್ಷ ಅಡುಗೆಮನೆಯಲ್ಲಿ ತಕ್ಕಡಿ ಇಟ್ಟುಕೊಂಡು ರೊಟ್ಟಿಯ ಲೆಕ್ಕ ಬರೆದವರು. 40 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ, ಇನ್ಸುಲಿನ್ನಿನ ಲೆಕ್ಕಕ್ಕೆ ಆಧಾರವಾದ ಕಾರ್ಬೊಹೈಡ್ರೇಟ್ ಸುಮಾರು 27–28 ಗ್ರಾಂ. ನಮ್ಮ ಕಡೆಯ ಅಗಲ ರೊಟ್ಟಿಗೆ 60 ಗ್ರಾಂ ಹಿಟ್ಟು ಹೋದರೆ ಅದು 40 ದಾಟುತ್ತದೆ. ಹಾಗಾಗಿ ‘ಒಂದು ರೊಟ್ಟಿಗೆ ಇಷ್ಟು ಯುನಿಟ್’ ಎಂಬ ಮಾತಿಗೆ ಅರ್ಥವಿಲ್ಲ, ಹಿಟ್ಟು ತೂಗಿ ಮಾತಾಡ್ರಿ, ಎಂದು ಅವರು ಬರೆದ ಸರಣಿ ಪುಸ್ತಕದಲ್ಲಿ ಒಂಬತ್ತು ಪುಟ. ಪುಸ್ತಕದ ಅತ್ಯುತ್ತಮ ಭಾಗ ಅದೇ. ಅಲ್ಲೂ ‘ಒಬ್ಬ ತಾಯಿ’ ಎಂದೇ ಇದೆ. ಅವರಿಗೆ ಬೇಕಾದದ್ದು ತಮ್ಮ ಹೆಸರು.

ಎಲ್ಲರ ಹೆಸರನ್ನೂ ಒಂದೇ ಏಟಿಗೆ ಅಳಿಸಿದ್ದು ಒಬ್ಬರಿಗೆ ಸಾಲಲಿಲ್ಲ, ಇನ್ನೊಬ್ಬರಿಗೆ ಅನ್ಯಾಯವಾಯಿತು. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ 1957ರ ಕಲಂ 57 ಬರೆದವರಿಗೆ ‘ಇದು ನನ್ನದು’ ಎಂದು ಹೇಳಿಕೊಳ್ಳುವ ಹಕ್ಕು ಕೊಡುತ್ತದೆ. ಹಕ್ಕನ್ನು ಬೇರೆಯವರಿಗೆ ಮಾರಿದ ಮೇಲೂ ಅದು ಬರೆದವರ ಹತ್ತಿರವೇ ಉಳಿಯುತ್ತದೆ. ಆದರೆ ‘40 ಗ್ರಾಂ ಹಿಟ್ಟಿಗೆ 28 ಗ್ರಾಂ’ ಎಂಬ ಸಂಗತಿ ಯಾರ ಸೊತ್ತೂ ಅಲ್ಲ. ವಿಚಾರಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗಿದೆ ಎಂದು ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲೇ ಹೇಳಿದೆ. ಅಕ್ಕೋರು ಆ ಲೆಕ್ಕವನ್ನು ತಮ್ಮ ಮಾತಿನಲ್ಲಿ ಬರೆದಿದ್ದರೆ ಕಾನೂನಿನ ತೊಡಕು ಇರುತ್ತಿರಲಿಲ್ಲ. ಒಂಬತ್ತು ಪುಟ ಅಕ್ಷರಶಃ ಎತ್ತಿಟ್ಟದ್ದೇ ತೊಡಕು.

ಅಪಾಯಕಾರಿಯಾದ ಒಂದು ಸಾಲು

ಗುಟ್ಟು, ದುಡ್ಡು ಎರಡಕ್ಕೂ ಸಂಬಂಧವಿಲ್ಲದ ಇನ್ನೊಂದು ತಪ್ಪು ಪುಟ 117ರಲ್ಲಿತ್ತು. ಮೊದಲು ಕಣ್ಣಿಗೆ ಬೀಳಬೇಕಾದದ್ದು ಅದೇ. ಗ್ರೂಪಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಉತ್ತರ: ‘20ರ ಗೆರಿ ತನಕ ಎಳೀರಿ, ಮುಂಜಾನೆ ಅಷ್ಟ ಸಾಕು.’ ಆ ಇಬ್ಬರೂ ಬಳಸುತ್ತಿದ್ದದ್ದು ಕೆಂಪು ಮುಚ್ಚಳದ 40 ಐಯು (ಒಂದು ಎಂಎಲ್‌ಗೆ 40 ಯುನಿಟ್) ಸಿರಿಂಜು, 40 ಐಯು ಬಾಟಲಿ. ಅದು ಅವರಿಬ್ಬರಿಗೂ ಗೊತ್ತಿತ್ತು. ಪುಸ್ತಕದಲ್ಲಿ ಹಿಂದಿನ ಪ್ರಶ್ನೆ ಬಿಟ್ಟುಹೋಗಿ ಉತ್ತರ ಮಾತ್ರ ಉಳಿಯಿತು. ಆ ಸಿರಿಂಜಿನ 20ರ ಗೆರೆ ಎಂದರೆ ಅರ್ಧ ಎಂಎಲ್. ಅದೇ ಸಿರಿಂಜಿನಲ್ಲಿ ಯಾರಾದರೂ ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ನಿಂದ 100 ಐಯು ಇನ್ಸುಲಿನ್ ಅಷ್ಟೇ ಎಳೆದರೆ 50 ಯುನಿಟ್ ಒಳಗೆ ಹೋಗುತ್ತದೆ. ಎರಡೂವರೆ ಪಟ್ಟು. ಮಗುವಿನ ಸಕ್ಕರೆ ಪಾತಾಳಕ್ಕೆ ಇಳಿಯಲು ಅಷ್ಟು ಸಾಕು.

ಇದರ ಜೊತೆಗೆ ಡಿಟಿಪಿಯ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸದ) ಎಡವಟ್ಟು. ಮೊಬೈಲಿನ ಯೂನಿಕೋಡ್ ಬರಹವನ್ನು ಹಳೆಯ ನುಡಿ ಫಾಂಟಿಗೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದು ಎಲ್ಲರಿಗೂ ಗೊತ್ತು. ಕರಡು ತಿದ್ದುವವರು ಅದನ್ನು ಹಿಡಿಯುತ್ತಾರೆ. ½ ಗುರುತು ಬೇರೆ ಅಕ್ಷರವಾಗಿ ಹೊರಬಂದಾಗ, ಏನೋ ಕಸ ಎಂದು ಅಳಿಸಿಬಿಡುತ್ತಾರೆ. ‘2½ ಯುನಿಟ್’ ಇದ್ದದ್ದು ಎರಡು ಕಡೆ ‘2 ಯುನಿಟ್’ ಆಗಿತ್ತು. ಅಳತೆಗಳನ್ನು ‘ಎರಡೂವರೆ’ ಎಂದು ಅಕ್ಷರದಲ್ಲಿ ಬರೆಸಬೇಕು, ಔಷಧದ ಅಳತೆ ಇರುವ ಪ್ರತಿ ಸಾಲನ್ನೂ ವೈದ್ಯರೊಬ್ಬರು ಮೂಲದ ಜೊತೆ ಹಿಡಿದು ನೋಡಬೇಕು. ನಮ್ಮನ್ನು ಕೇಳಿದರೆ, ಯುನಿಟ್ಟಿನ ಲೆಕ್ಕ ಇಂಥ ಪುಸ್ತಕದಲ್ಲಿ ಇರಲೇಬಾರದು.

ಕಾನೂನು ಎಲ್ಲಿ ನಿಲ್ಲುತ್ತದೆ

ಗ್ರೂಪಿನಲ್ಲಿ ಹಾಕಿದ ಬರಹದ ಒಡೆತನ ಬರೆದವರದ್ದೇ. ಕೃತಿಸ್ವಾಮ್ಯ ಕಾಯ್ದೆಯ ಕಲಂ 17ರ ಪ್ರಕಾರ ಬರೆದವರೇ ಮೊದಲ ಒಡೆಯರು. ಅಡ್ಮಿನ್ ಆಗಿದ್ದ ಮಾತ್ರಕ್ಕೆ ಯಾವ ಹಕ್ಕೂ ಬರುವುದಿಲ್ಲ. ಆರಿಸಿ, ವಿಂಗಡಿಸಿ, ಜೋಡಿಸಿದ ಶ್ರಮ ಮತ್ತು ವಿವೇಚನೆಗೆ ಸಂಕಲನಕಾರರಿಗೂ ಪ್ರತ್ಯೇಕ ಹಕ್ಕು ಹುಟ್ಟುತ್ತದೆ, ಆದರೆ ಅದು ಜೋಡಣೆಯ ಮೇಲೆ ಮಾತ್ರ, ಒಳಗಿನ ಮಾತಿನ ಮೇಲಲ್ಲ. ‘ಊಟ ಆತೇನ್ರಿ’ಯಂಥ ಒಂದು ಸಾಲಿನ ಮೇಲೆ ಯಾರೂ ಕೃತಿಸ್ವಾಮ್ಯ ಸಾಧಿಸಲಾರರು. ಒಂಬತ್ತು ಪುಟದ ಸರಣಿಯ ಬಗ್ಗೆ ಸಂಶಯವೇ ಇಲ್ಲ.

ಒಪ್ಪಿಗೆಯ ವಿಷಯಕ್ಕೆ ಬಂದರೆ, ಹಕ್ಕನ್ನೇ ಬರೆದುಕೊಡುವುದಾದರೆ ಕಲಂ 19ರಂತೆ ಬರಹ, ಸಹಿ ಎರಡೂ ಬೇಕು. ಅದರಲ್ಲಿ ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಎಲ್ಲಿಯವರೆಗೆ, ಎಷ್ಟು ಗೌರವಧನ ಎಂಬುದಿರಬೇಕು. ಕಾಲ ಬರೆಯದಿದ್ದರೆ ಐದು ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆಯೇ ತಿಳಿದುಕೊಳ್ಳುತ್ತದೆ. ಬರೇ ಬಳಕೆಯ ಅನುಮತಿ ಸಾಕಾದರೆ ಕಲಂ 30. ಅದೂ ಬರಹದಲ್ಲೇ ಇರಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಎಲೆಕ್ಟ್ರಾನಿಕ್ ದಾಖಲೆಯನ್ನೂ ಬರಹವೆಂದೇ ಒಪ್ಪುವುದರಿಂದ ‘ಈ ಕೆಳಗಿನ ನನ್ನ ಬರಹ ನಿಮ್ಮ ಪುಸ್ತಕದಲ್ಲಿ ಹಾಕ್ರಿ’ ಎಂಬ ವಾಟ್ಸ್ಆ್ಯಪ್ ಉತ್ತರಕ್ಕೆ ಬೆಲೆಯಿದೆ. ಮೌನಕ್ಕಿಲ್ಲ. ಸಾಮಾನ್ಯ ಸಂದೇಶದ ಕೆಳಗಿನ ಹೆಬ್ಬೆರಳನ್ನು ನಂಬಿಕೊಂಡು ಪುಸ್ತಕ ಮಾಡಬಾರದು.

ಫಾರ್ವರ್ಡ್ ಬೇರೆಯದೇ ತಂಟೆ. ಒಬ್ಬರು ಹಾಕಿದ ಚಂದದ ಬರಹ ಪತ್ರಿಕೆಯೊಂದರ ಅಂಕಣದ ತುಂಡು. ಹಾಕಿದವರ ಒಪ್ಪಿಗೆಯಿಂದ ಏನೂ ಆಗದು. ತೀರಿಕೊಂಡವರ ಬರಹವೂ ಬಿಟ್ಟಿಯಲ್ಲ. ಹಕ್ಕು ಸತ್ತ ನಂತರ 60 ವರ್ಷ ಇರುತ್ತದೆ, ವಾರಸುದಾರರನ್ನು ಕೇಳಬೇಕು.

ಗುಟ್ಟಿನ ವಿಷಯಕ್ಕೆ ಸುಪ್ರೀಂ ಕೋರ್ಟಿನ 1994ರ ಆರ್. ರಾಜಗೋಪಾಲ್ ತೀರ್ಪು ನೇರವಾಗಿ ತಾಗುತ್ತದೆ. ಮನೆತನ, ಮದುವೆ, ತಾಯ್ತನ, ಮಕ್ಕಳು, ಶಿಕ್ಷಣ ಇಂಥವುಗಳ ಬಗ್ಗೆ ಒಬ್ಬರ ಒಪ್ಪಿಗೆ ಇಲ್ಲದೆ ಪ್ರಕಟಿಸುವಂತಿಲ್ಲ, ಅದು ನಿಜವಾದರೂ ಸರಿ, ಸುಳ್ಳಾದರೂ ಸರಿ ಎಂದಿದೆ. ‘ನಾವು ಸುಳ್ಳು ಏನೂ ಬರೆದಿಲ್ಲವಲ್ಲ’ ಎಂಬ ಅಕ್ಕೋರ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ಹೇಳಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ನೋಟಿಸು, ಒಪ್ಪಿಗೆಯ ಮುಖ್ಯ ಕಲಂಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಸ್ವಂತ, ಮನೆಬಳಕೆಗೆ ಆ ಕಾಯ್ದೆ ತಾಗುವುದಿಲ್ಲ, ಆದರೆ ಬೆಲೆ ಹಾಕಿ ಮಾರುವ ಪುಸ್ತಕವನ್ನು ಮನೆಬಳಕೆ ಅನ್ನಲಾಗದು. ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲಿ ಓದುವ ಅವಕಾಶ ಕೊಡಬೇಕು, 18 ತುಂಬದವರ ಪರವಾಗಿ ತಂದೆತಾಯಿ ಒಪ್ಪಬೇಕು. ಪುಟ 83ರ ಹುಡುಗಿಗೆ 18 ದಾಟಿತ್ತು. ಹಾಗಾಗಿ ಕೇಳಬೇಕಾದದ್ದು ತಾಯಿಯನ್ನಷ್ಟೇ ಅಲ್ಲ.

ರೋಣದ ತಾಯಿ ವಕೀಲರನ್ನು ಕಂಡರು. ಕೃತಿಸ್ವಾಮ್ಯ ಕಾಯ್ದೆಯ ಕಲಂ 62ರ ಪ್ರಕಾರ ದಾವೆಯನ್ನು ತಾವಿರುವ ಜಿಲ್ಲೆಯಲ್ಲೇ, ಅಂದರೆ ಗದಗಿನಲ್ಲೇ ಹಾಕಬಹುದು, ಧಾರವಾಡಕ್ಕೆ ಓಡಾಡಬೇಕಿಲ್ಲ. ತಡೆಯಾಜ್ಞೆ, ಪರಿಹಾರ, ಲಾಭದ ಲೆಕ್ಕ ಮೂರನ್ನೂ ಕೇಳಬಹುದು. ಆದರೆ ದಾವೆ ಹಾಕಿದರೆ ಅವರ ಹೆಸರು, ಮಗಳ ವಿಷಯ ಮತ್ತೆ ಕೋರ್ಟಿನ ಕಾಗದದ ಮೇಲೆ. ನೋಟಿಸು ಕೊಟ್ಟು ಮಾತುಕತೆಗೆ ಕೂತರು.

ದುಡ್ಡಿನ ಲೆಕ್ಕ

ಡಿಟಿಪಿ 176 ಪುಟಕ್ಕೆ ₹50ರಂತೆ ₹8,800, ಮುಖಪುಟ ₹4,200, ಕಾಗದ, ಮುದ್ರಣ, ಬೈಂಡಿಂಗ್ ₹62,000, ಸಾಗಣೆ ₹1,000. ಒಟ್ಟು ₹76,000. ಮಾರಾಟವಾದದ್ದು 640. ನೇರವಾಗಿ 260 ಪ್ರತಿ ₹160ರಂತೆ ₹41,600. ಅಂಗಡಿಗಳಿಗೆ 35 ಪರ್ಸೆಂಟ್ ಬಿಟ್ಟು 380 ಪ್ರತಿ ₹130ರಂತೆ ₹49,400. ಬಂದದ್ದು ₹91,000, ಮಿಕ್ಕಿದ್ದು ₹15,000. ಎಂಟು ತಿಂಗಳ ಕೆಲಸಕ್ಕೆ ಇದನ್ನು ಲಾಭ ಅನ್ನಲು ಬಾಯಿ ಬರುವುದಿಲ್ಲ. ಆದರೂ ಬರೆದವರಿಗೆ ರೂಪಾಯಿಯೂ ಹೋಗಿರಲಿಲ್ಲ.

ರೂಢಿಯ 10 ಪರ್ಸೆಂಟ್ ಗೌರವಧನ ಹಿಡಿದರೆ ಪ್ರತಿಗೆ ₹20, 640ಕ್ಕೆ ₹12,800. ತಾಯಂದಿರ ಮಾತಿದ್ದ ಪುಟಗಳು ಒಟ್ಟು 128. ಪುಟಕ್ಕೆ ಸರಿಯಾಗಿ ₹100. ರೊಟ್ಟಿಯ ಲೆಕ್ಕದವರಿಗೆ ₹900. ನಾಲ್ಕು ಸಾಲು ಬರೆದವರಿಗೆ ₹12. ಹನ್ನೆರಡು ರೂಪಾಯಿ ಫೋನ್‌ಪೇ ಮಾಡುವುದು ಮರ್ಯಾದೆಯೋ ಅವಮಾನವೋ ಎಂಬ ಚರ್ಚೆ ಗ್ರೂಪಿನಲ್ಲಿ ಎರಡು ದಿನ ನಡೆಯಿತು. ಕಡೆಗೆ ₹200ಕ್ಕಿಂತ ಕಡಿಮೆ ಬಂದವರ ಪಾಲು ಬಡ ಮಕ್ಕಳ ಗ್ಲುಕೋಮೀಟರ್ ಸ್ಟ್ರಿಪ್ಪಿಗೆ (ರಕ್ತದ ಸಕ್ಕರೆ ನೋಡುವ ಪಟ್ಟಿ), ಮೇಲಿನವರಿಗೆ ಕೈಗೆ. ಪಾಲನ್ನು ಸ್ಟ್ರಿಪ್ಪಿಗೆ ಬಿಡಲು ಒಪ್ಪಿಗೆ ಎಂದು ಅವರಿಂದಲೇ ಬರೆಸಿಕೊಂಡರು. ಅವರ ಪರವಾಗಿ ಬೇರೆಯವರು ಉದಾರಿಗಳಾಗಬಾರದು.

ದೊಡ್ಡ ಮೊತ್ತ ಬಂದದ್ದು ಬೇರೆ ಕಡೆಯಿಂದ. ಸ್ಟ್ರಿಪ್ ಮಾರುವ ಡೀಲರೊಬ್ಬರು ಮರುಮುದ್ರಣದ 500 ಪ್ರತಿಗೆ ₹150ರಂತೆ ₹75,000 ಕೊಡಲು ಮುಂದೆ ಬಂದರು. ಪ್ರತಿಗೆ ₹70 ಖರ್ಚು ಕಳೆದರೂ ₹40,000 ಉಳಿಯುತ್ತದೆ. ಷರತ್ತು ಎರಡು: ಹಿಂಬದಿ ರಕ್ಷಾಪುಟದಲ್ಲಿ ಜಾಹೀರಾತು, ‘ಉಚಿತ ಶಿಬಿರಕ್ಕೆ ಕರೆಯಲಿಕ್ಕೆ’ ಸದಸ್ಯರ ನಂಬರಿನ ಪಟ್ಟಿ. ದಿನಕ್ಕೆ ನಾಲ್ಕು ಸ್ಟ್ರಿಪ್ ಬಳಸುವ ಮನೆ ವರ್ಷಕ್ಕೆ 1,460 ಸ್ಟ್ರಿಪ್ ಕೊಳ್ಳುತ್ತದೆ. ಅಂಥ 212 ಮನೆಗಳ ನಂಬರು ಒಂದೇ ಹಾಳೆಯಲ್ಲಿ. ಅವರು ಕೊಳ್ಳಲು ಬಂದದ್ದು ಆ ಹಾಳೆಯನ್ನು. ಪುಸ್ತಕ ಅದರ ಮೇಲಿನ ಹೊದಿಕೆ. ಅಕ್ಕೋರು ಪಟ್ಟಿ ಕೊಡಲಿಲ್ಲ. ಜಾಹೀರಾತು ಬೇಡವೆಂದು ಗ್ರೂಪು ಹೇಳಿತು. ಡೀಲರು 200 ಪ್ರತಿಗೆ ಇಳಿದರು, ಅಷ್ಟೇ.

ವಿಚಿತ್ರವೆಂದರೆ ಆ ಪಟ್ಟಿ ಆಗಲೇ ಒಮ್ಮೆ ಹೊರಗೆ ಹೋಗಿತ್ತು. ಅಕ್ಕೋರು ಗ್ರೂಪಿನ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಇಡೀ ಕಡತವನ್ನೇ ಡಿಟಿಪಿ ಅಂಗಡಿಗೆ ಮೇಲ್ ಮಾಡಿದ್ದರು. ಅದರಲ್ಲಿ ಪ್ರತಿ ಸಾಲಿನ ಮುಂದೆ ತಾರೀಖು, ವೇಳೆ, ಹೆಸರು ಅಥವಾ ಮೊಬೈಲ್ ನಂಬರು ಇರುತ್ತದೆ. ಪುಸ್ತಕಕ್ಕೆ ಆರಿಸದ ಮಾತುಗಳೂ ಇದ್ದವು. ಮಾಡಬೇಕಿದ್ದದ್ದು ಇಷ್ಟು: ಬೇಕಾದ ಭಾಗ ಮಾತ್ರ ಬೇರೆ ಕಡತಕ್ಕೆ, ನಂಬರಿನ ಜಾಗದಲ್ಲಿ ‘ತಾ-1, ತಾ-2’ ಎಂಬ ಗುರುತು, ಯಾವ ಗುರುತು ಯಾರದ್ದು ಎಂಬುದು ಕಾಗದದ ವಹಿಯಲ್ಲಿ, ವಹಿ ಮನೆಯಲ್ಲಿ. ಅಂಗಡಿಯವರು ಕೇಳಿದ ಕೂಡಲೇ ಕಡತ ಅಳಿಸಿದರು, ಮೇಲ್‌ನ ಪ್ರತಿಯನ್ನೂ ಅಳಿಸಿದರು.

ಎರಡನೇ ಸಲ

ಅಕ್ಕೋರು 62 ಜನರನ್ನೂ ಒಬ್ಬೊಬ್ಬರಾಗಿ ಕೇಳಿದರು, ಗ್ರೂಪಿನಲ್ಲಲ್ಲ. ಅವರವರ ಮಾತು ಅಚ್ಚಾಗುವ ರೂಪದಲ್ಲೇ ಅವರವರಿಗೆ ಕಳಿಸಿ, ಕೆಳಗೆ ನಾಲ್ಕು ಪ್ರಶ್ನೆ: ಹಾಕಬಹುದೇ, ಏನಾದರೂ ತೆಗೆಯಬೇಕೇ, ಯಾವ ಹೆಸರಿನಲ್ಲಿ, ನಿಮ್ಮ ಪಾಲಿನ ದುಡ್ಡು ಎಲ್ಲಿಗೆ. ಉತ್ತರ ಬಾರದಿದ್ದರೆ ಇಲ್ಲ ಎಂದೇ ಲೆಕ್ಕ. ಮೂರು ವಾರದಲ್ಲಿ 41 ಜನ ಒಪ್ಪಿದರು, 9 ಜನ ತಿದ್ದಿ ಒಪ್ಪಿದರು, 7 ಜನ ಬೇಡವೆಂದರು, 5 ಜನ ಸಿಗಲಿಲ್ಲ. ಒಪ್ಪಿದವರಲ್ಲಿ 18 ಜನ ಸ್ವಂತ ಹೆಸರನ್ನೇ ಕೇಳಿದರು. ಯಾರೂ ಹೆಸರು ಬಯಸಲಾರರು ಎಂದು ಮೊದಲೇ ತೀರ್ಮಾನಿಸಿದ್ದು ಎಷ್ಟು ತಪ್ಪು ಎಂಬುದು ಆಗ ತಿಳಿಯಿತು.

ಉಳಿದ 360 ಪ್ರತಿಗಳದ್ದು ಪ್ರಶ್ನೆಯಾಯಿತು. ಮೊದಲು ಯೋಚಿಸಿದ್ದು ಹಾಳೆ ಬದಲಿಸುವುದು. ಪುಟ 83–84ರ ಹಾಳೆಯನ್ನು ಬೆನ್ನಿನಿಂದ ಒಂದು ಸೆಂ.ಮೀ. ಬಿಟ್ಟು ಬ್ಲೇಡಿನಿಂದ ಕೊಯ್ದು, ಆ ತುಂಡಿಗೆ ಹೊಸ ಹಾಳೆ ಅಂಟಿಸುವುದು. ಒಂದೆರಡು ಹಾಳೆಗಾದರೆ ಇದು ನಡೆಯುತ್ತದೆ. ಇಲ್ಲಿ ಬೇಡವೆಂದವರ, ಸಿಗದವರ ಮಾತು ಕೂಡಿ 19 ಪುಟ, ಮೇಲೆ ಪುಟ 117. ಅಷ್ಟು ಕೊಯ್ದರೆ ಅಂಟಿನ ಬೈಂಡಿಂಗ್ ಬೆನ್ನು ಬಿಡುತ್ತದೆ. ಒಪ್ಪೋಲೆ (ತಿದ್ದುಪಡಿಯ ಚೀಟಿ) ಅಂಟಿಸುವುದು ಪುಟ 117ಕ್ಕೆ ಸರಿ, ಪುಟ 83ಕ್ಕೆ ಅಲ್ಲ. ತಪ್ಪನ್ನು ತಿದ್ದಬಹುದು, ಗುಟ್ಟನ್ನು ತಿದ್ದಲಾಗದು.

ಹಾಗಾಗಿ 360 ಪ್ರತಿ ನಾಶ. ಒಂದು ಪುಸ್ತಕ ಸುಮಾರು 200 ಗ್ರಾಂ, ಒಟ್ಟು 72 ಕೆಜಿ ರದ್ದಿ. ಇಡಿಯಾಗಿ ರದ್ದಿ ಅಂಗಡಿಗೆ ಹಾಕಿದ್ದರೆ ಪುಟ 83 ಹುಬ್ಬಳ್ಳಿಯ ಯಾವುದಾದರೂ ಗಾಡಿಯಲ್ಲಿ ಗಿರ್ಮಿಟ್ಟಿನ ಪೊಟ್ಟಣವಾಗಿ ಸಿಗುತ್ತಿತ್ತು. ಪ್ರೆಸ್ಸಿನ ಕಟಿಂಗ್ ಮಷೀನಿಗೆ ಕೊಟ್ಟು ಎರಡು ಬೆರಳಗಲ ಪಟ್ಟಿ ಮಾಡಿಸಿಯೇ ಕೊಟ್ಟರು. ಕಾನೂನಿನಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಠೇವಣಿ ಗ್ರಂಥಾಲಯಗಳಿಗೂ ಹೋದ, 1000ದ ಲೆಕ್ಕಕ್ಕೆ ಸೇರದ ಪ್ರತಿಗಳು ವಾಪಸ್ ಬರುವಂಥವಲ್ಲ. ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ 1954ರ ಕಾಯ್ದೆ, ಪುಸ್ತಕ ಪ್ರಕಟವಾದ 30 ದಿನದೊಳಗೆ ಪ್ರತಿ ಕಳಿಸಿ ಎನ್ನುತ್ತದೆ. ಅಕ್ಕೋರು ನಿಯಮ ಚಾಚೂ ತಪ್ಪದೆ ಕಳಿಸಿದ್ದರು.

ಎರಡನೇ ಮುದ್ರಣ 160 ಪುಟ, 10 ಫಾರ್ಮು. ರೊಟ್ಟಿಯ ಅಧ್ಯಾಯದ ತಲೆಯ ಮೇಲೆ ಬರೆದವರ ಹೆಸರಿದೆ, ಯುನಿಟ್ಟಿನ ಲೆಕ್ಕ ಎಲ್ಲೂ ಇಲ್ಲ. ರೋಣದ ತಾಯಿ, ಮಗಳು ಇಬ್ಬರೂ ಬೇಡವೆಂದದ್ದರಿಂದ ಅವರ ಮಾತೂ ಇಲ್ಲ. ಹಳೆಯ ಪ್ರತಿ ತಂದರೆ ಹೊಸದನ್ನು ಪುಕ್ಕಟೆ ಕೊಡುವುದಾಗಿ ಅಂಗಡಿಗಳಲ್ಲಿ ಚೀಟಿ ಹಾಕಿದರು. ಮಾರಿದ 640ರಲ್ಲಿ ಮರಳಿ ಬಂದದ್ದು 31. ಅದರಲ್ಲಿ ಎರಡರಲ್ಲಿ ಪುಟ 83ರ ಮೂಲೆ ಮಡಚಿತ್ತು.